ಎಸ್‌ಟಿಪಿಯ ಜೀವಾಣುಗಳು ಸತ್ತಾಗ: ಒಳಚರಂಡಿಗೆ ಬಿಟ್ಟ ಕಾರ್ಖಾನೆ ತ್ಯಾಜ್ಯದ ಮೂಲವನ್ನು ಪತ್ತೆಹಚ್ಚುವ ಕೈಪಿಡಿ

ದೋಷದ ಲಕ್ಷಣ

ತಿಂಗಳುಗಟ್ಟಲೆ ಸರಿಯಾಗಿ ನಡೆಯುತ್ತಿದ್ದ ನಗರದ ತ್ಯಾಜ್ಯನೀರು ಶುದ್ಧೀಕರಣ ಘಟಕದ, ಅಂದರೆ ಎಸ್‌ಟಿಪಿಯ, ಹೊರಹರಿವಿನಲ್ಲಿ ಒಂದು ಬೆಳಗ್ಗೆ ಅಮೋನಿಯಾ ದಿಢೀರನೆ ಏರಿರುತ್ತದೆ. ಲೀಟರಿಗೆ ಎರಡು ಮೂರು ಮಿಲಿಗ್ರಾಂ ಇದ್ದದ್ದು ಇಪ್ಪತ್ತನ್ನು ದಾಟಿರುತ್ತದೆ. ಕೆಸರನ್ನು ತಳಕ್ಕಿಳಿಸುವ ತೊಟ್ಟಿಯಾದ ಕ್ಲಾರಿಫೈಯರ್‌ನಿಂದ ಇಳಿಯುವ ನೀರು ಕದಡಿರುತ್ತದೆ, ಕೊಳಚೆಯನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಗಾಳಿ ಕೊಡುವ ಏರೇಷನ್ ಟ್ಯಾಂಕಿನ ಮೇಲೆ ಬಿಳಿ ನೊರೆ ಕಟ್ಟಿರುತ್ತದೆ. ಗಾಳಿ ಊದುವ ಬ್ಲೋವರ್‌ಗಳು ಓಡುತ್ತಿವೆ, ಪಂಪುಗಳಲ್ಲಿ ತೊಂದರೆಯಿಲ್ಲ, ವಿದ್ಯುತ್ ಕಡಿತವೂ ಆಗಿಲ್ಲ. ಇಂಥ ಸಂದರ್ಭದಲ್ಲಿ ಯಾವ ಕ್ರಮದಲ್ಲಿ ತಪಾಸಣೆ ನಡೆಸಿದರೆ ಮೂಲದವರೆಗೆ ತಲುಪಬಹುದು, ಮತ್ತು ತಲುಪಿದ ಮೇಲೆ ಸಿಕ್ಕ ಸಾಕ್ಷ್ಯ ಕಾನೂನಿನ ಮುಂದೆ ನಿಲ್ಲಬೇಕಾದರೆ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಬೆಂಗಳೂರಿನ ವೃಷಭಾವತಿ ಕಣಿವೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. 1970ರ ದಶಕದಲ್ಲಿ ಬೆಳೆದ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಎಲೆಕ್ಟ್ರೋಪ್ಲೇಟಿಂಗ್, ಲೋಹದ ಮೇಲ್ಮೈ ಸಂಸ್ಕರಣೆ, ಪೌಡರ್ ಕೋಟಿಂಗ್ ಮುಂತಾದ ಕೆಲಸ ಮಾಡುವ ಸಣ್ಣ ಘಟಕಗಳು ಒತ್ತೊತ್ತಾಗಿವೆ, ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದು ಅಧ್ಯಯನಗಳಲ್ಲಿ ದಾಖಲಾಗಿದೆ. ಕಣಿವೆಯ ನೀರು ಕೊನೆಗೆ ಬಿಡದಿ ಬಳಿಯ ಭೈರಮಂಗಲ ಕೆರೆಯನ್ನು ಸೇರಿ, ಮುಂದೆ ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ, ದಾರಿಯುದ್ದಕ್ಕೂ ರೈತರು ಅದನ್ನೇ ಹೊಲಕ್ಕೆ ಹಾಯಿಸುತ್ತಾರೆ. ಆದ್ದರಿಂದ ಎಸ್‌ಟಿಪಿಯ ಏರೇಷನ್ ಟ್ಯಾಂಕಿನಲ್ಲಿ ಆಗುವ ದೋಷವನ್ನು ಘಟಕದ ಒಳಗಿನ ತಾಂತ್ರಿಕ ಸಮಸ್ಯೆ ಎಂದಷ್ಟೇ ಪರಿಗಣಿಸಲು ಬರುವುದಿಲ್ಲ.

ಮೊದಲು ಟ್ಯಾಂಕನ್ನು ಓದಬೇಕು

ಅಮೋನಿಯಾ ಏರಿದೆ ಎಂಬ ಸುದ್ದಿ ಬಂದ ಕೂಡಲೇ ಕಾರ್ಖಾನೆಗಳ ಪಟ್ಟಿ ಹಿಡಿದು ಹೊರಡುವ ರೂಢಿ ನಮ್ಮಲ್ಲಿದೆ. ಇದು ಸರಿಯಾದ ಕ್ರಮವಲ್ಲ. ಹೊರಗಿನಿಂದ ವಿಷ ಬಂದಿದೆಯೋ, ಅತಿಯಾದ ಸಾವಯವ ಹೊರೆ ಬಂದಿದೆಯೋ, ಅಥವಾ ದೋಷ ನಮ್ಮ ಘಟಕದಲ್ಲೇ ಇದೆಯೋ ಎಂಬುದನ್ನು ಏರೇಷನ್ ಟ್ಯಾಂಕೇ ಹೇಳುತ್ತದೆ. ಅದಕ್ಕೆ ಬೇಕಾದ ಮುಖ್ಯ ಸಾಧನ ಡಿಒ ಮೀಟರ್, ಅಂದರೆ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ಉಪಕರಣ.

ಬ್ಲೋವರ್‌ಗಳ ಗಾಳಿ ಎಂದಿನಷ್ಟೇ ಇದ್ದು ಡಿಒ ಕುಸಿದಿದ್ದರೆ, ಸೂಕ್ಷ್ಮಜೀವಿಗಳು ಬದುಕಿವೆ, ಅವುಗಳಿಗೆ ತಿನ್ನಲು ಮಿತಿಮೀರಿದ ಆಹಾರ ಬಂದಿದೆ ಎಂದರ್ಥ. ಹಾಲಿನ ಡೇರಿ, ತಂಪು ಪಾನೀಯ ಘಟಕ, ದೊಡ್ಡ ಅಡುಗೆಮನೆ, ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಲಾರಿ ಇವುಗಳ ಕಡೆ ನೋಡಬೇಕು. ಅದೇ ಗಾಳಿಯಲ್ಲಿ ಡಿಒ ಏರಿದ್ದು ಅಮೋನಿಯಾವೂ ಏರಿದ್ದರೆ, ಆಮ್ಲಜನಕವನ್ನು ಬಳಸುವ ಜೀವಿಗಳೇ ನಿಷ್ಕ್ರಿಯವಾಗಿವೆ. ವಿಷಪ್ರವೇಶದ ಅತ್ಯಂತ ನಂಬಿಕಸ್ಥ ಗುರುತು ಇದು. ಅನೇಕ ಆಪರೇಟರುಗಳು ಡಿಒ ಏರಿದ್ದನ್ನು ಒಳ್ಳೆಯ ಲಕ್ಷಣವೆಂದು ದಾಖಲೆ ಪುಸ್ತಕದಲ್ಲಿ ಬರೆದು, ವಿದ್ಯುತ್ ಉಳಿಸಲು ಒಂದು ಬ್ಲೋವರನ್ನು ನಿಲ್ಲಿಸಿಬಿಡುತ್ತಾರೆ. ಕಾರಣ ತಿಳಿಯುವವರೆಗೆ ಹಾಗೆ ಮಾಡಬಾರದು.

ಅಮೋನಿಯಾವನ್ನು ನೈಟ್ರೇಟ್ ಮಾಡುವ, ಅಂದರೆ ನೈಟ್ರಿಫೈ ಮಾಡುವ, ಬ್ಯಾಕ್ಟೀರಿಯಾಗಳು ನಿಧಾನವಾಗಿ ಬೆಳೆಯುವಂಥವು, ಲೋಹ ಹಾಗೂ ಸಯನೈಡ್‌ಗೆ ಬೇಗನೆ ಸೋಲುವಂಥವು. ಆದ್ದರಿಂದ ಹೊರಹರಿವಿನ ಬಿಒಡಿ (ಸಾವಯವ ಕೊಳೆಯನ್ನು ಕರಗಿಸಲು ಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಇನ್ನೂ ಹದದಲ್ಲಿರುವಾಗಲೇ ಅಮೋನಿಯಾ ಮೊದಲು ಏರುತ್ತದೆ. ಜೊತೆಗೆ ಸೂಕ್ಷ್ಮದರ್ಶಕದಲ್ಲಿ ಸ್ಲಡ್ಜಿನ, ಅಂದರೆ ಟ್ಯಾಂಕಿನ ಜೀವಾಣುಭರಿತ ಕೆಸರಿನ, ಒಂದು ಹನಿಯನ್ನು ನೋಡಿರಿ. ಕಾಂಡದ ತುದಿಯಲ್ಲಿ ಕುಳಿತು ಬಳುಕುವ ವೊರ್ಟಿಸೆಲ್ಲಾಗಳು, ಓಡಾಡುವ ಸಿಲಿಯೇಟ್‌ಗಳು, ರೋಟಿಫರ್‌ಗಳು ನಿನ್ನೆಯವರೆಗೆ ಇದ್ದು ಇಂದು ಅಲುಗಾಡದೆ ನಿಂತಿದ್ದರೆ ಅಥವಾ ಕಾಣದಿದ್ದರೆ ವಿಷದ ಅನುಮಾನ ಬಲವಾಗುತ್ತದೆ. ಇದಕ್ಕಾಗಿಯೇ ಪ್ರತಿ ಎಸ್‌ಟಿಪಿಯೂ ವಾರಕ್ಕೊಮ್ಮೆಯಾದರೂ ಸ್ಲಡ್ಜಿನ ಸೂಕ್ಷ್ಮದರ್ಶಕ ಚಿತ್ರವನ್ನು ತೆಗೆದಿಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಹೋಲಿಸಲು ಹಿಂದಿನ ಚಿತ್ರವಿಲ್ಲದಿದ್ದರೆ ಇಂದಿನ ಚಿತ್ರದಿಂದ ಹೆಚ್ಚೇನೂ ತಿಳಿಯದು.

ಖಚಿತಪಡಿಸಿಕೊಳ್ಳಲು ಆಮ್ಲಜನಕ ಬಳಕೆಯ ಪರೀಕ್ಷೆ ಮಾಡಬೇಕು. ತೊಂದರೆಯಿಲ್ಲದ ಬೇರೊಂದು ಎಸ್‌ಟಿಪಿಯಿಂದ ತಂದ ಆರೋಗ್ಯಕರ ಸ್ಲಡ್ಜನ್ನು ಸಮಪ್ರಮಾಣದಲ್ಲಿ ಎರಡು ಪಾತ್ರೆಗಳಿಗೆ ಹಾಕಿ, ಒಂದಕ್ಕೆ ಮನೆಗಳಿಂದಷ್ಟೇ ಬರುವ ಕೊಳಚೆನೀರನ್ನೂ ಇನ್ನೊಂದಕ್ಕೆ ನಮ್ಮ ಘಟಕದ ಒಳಹರಿವನ್ನೂ ಅಷ್ಟೇ ಅಳತೆಯಲ್ಲಿ ಬೆರೆಸಿ, ಗಾಳಿ ತುಂಬಿ, 300 ಮಿಲಿಲೀಟರಿನ ಬಿಒಡಿ ಬಾಟಲಿಗಳಿಗೆ ಸುರಿದು, ಸ್ಲಡ್ಜ್ ತಳಕ್ಕಿಳಿಯದಂತೆ ಕಲಕುತ್ತ, ನಿಮಿಷಕ್ಕೊಮ್ಮೆ ಡಿಒ ಬರೆದುಕೊಳ್ಳುತ್ತ ಹೋಗಬೇಕು. ಮೊದಲ ಬಾಟಲಿಯಲ್ಲಿ ಡಿಒ ಸರಸರನೆ ಇಳಿದು ಎರಡನೆಯದರಲ್ಲಿ ನಿಧಾನವಾಗಿ ಇಳಿದರೆ ಒಳಹರಿವಿನಲ್ಲಿ ವಿಷವಿದೆ. ಎರಡರಲ್ಲೂ ಒಂದೇ ವೇಗದಲ್ಲಿ ಇಳಿದರೆ ವಿಷ ಆಗಲೇ ಸಾಗಿಹೋಗಿರಬಹುದು ಅಥವಾ ದೋಷ ನಮ್ಮಲ್ಲೇ ಇರಬಹುದು. ನೈಟ್ರಿಫೈ ಮಾಡುವ ಜೀವಿಗಳಿಗಷ್ಟೇ ತಗಲುವ ಮೆಲುವಿಷ ಈ ಪರೀಕ್ಷೆಯಲ್ಲಿ ಕಾಣದೆಯೂ ಹೋಗಬಹುದು, ಹಾಗಾಗಿ ಅನುಮಾನ ಉಳಿದರೆ ಅದೇ ಎರಡು ಮಿಶ್ರಣಗಳಿಗೆ ಕೆಲವು ಗಂಟೆ ಗಾಳಿ ಕೊಟ್ಟು ಅಮೋನಿಯಾ ಎಷ್ಟೆಷ್ಟು ಇಳಿಯಿತೆಂದು ಹೋಲಿಸಬೇಕು.

ನಮ್ಮ ಘಟಕದ ತಪ್ಪುಗಳನ್ನು ಹೊರಗಿಡುವುದು

ಹೊರಗಿನವರತ್ತ ಬೆರಳು ತೋರುವ ಮೊದಲು ಪರಿಶೀಲಿಸಬೇಕಾದದ್ದು ಬಹಳವಿಲ್ಲ. ಸ್ಲಡ್ಜನ್ನು ಅತಿಯಾಗಿ ಹೊರತೆಗೆದು ಅದರ ವಯಸ್ಸು ಕಡಿಮೆಯಾಗಿದ್ದರೆ ನೈಟ್ರಿಫೈ ಮಾಡುವ ಜೀವಿಗಳು ತೊಳೆದುಹೋಗುತ್ತವೆ, ಆದರೆ ಆಗ ಅಮೋನಿಯಾ ದಿನಗಳ ಅವಧಿಯಲ್ಲಿ ಏರುತ್ತದೆಯೇ ಹೊರತು ಒಂದೇ ರಾತ್ರಿಯಲ್ಲಿ ಅಲ್ಲ. ಕ್ಷಾರೀಯತೆಯನ್ನು ಮರೆಯಬಾರದು. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ಸುಮಾರು 7.1 ಮಿಲಿಗ್ರಾಂ ಕ್ಷಾರೀಯತೆ ಖರ್ಚಾಗುತ್ತದೆ, ಅದು ತೀರಿದರೆ ಟ್ಯಾಂಕಿನ ಪಿಎಚ್ ಇಳಿದು ವಿಷವಿಲ್ಲದೆಯೂ ನೈಟ್ರಿಫಿಕೇಷನ್ ನಿಲ್ಲುತ್ತದೆ. ಸ್ಲಡ್ಜ್ ಡೈಜೆಸ್ಟರ್‌ನಿಂದ ಮರಳುವ ನೀರಿನಲ್ಲೂ ಅಮೋನಿಯಾ ದಟ್ಟವಾಗಿರುತ್ತದೆ, ಅದನ್ನು ಯಾವ ಹೊತ್ತಿಗೆ ಪಂಪ್ ಮಾಡಲಾಯಿತು ಎಂದು ಕೇಳಿ ತಿಳಿದುಕೊಳ್ಳಿರಿ.

ಸರಾಸರಿಯ ಬಲೆ

ಇಡೀ ತಪಾಸಣೆ ಹಾದಿ ತಪ್ಪುವುದು ಹೆಚ್ಚಾಗಿ ಇಲ್ಲಿಯೇ, ಹಾಗಾಗಿ ಒಂದು ಲೆಕ್ಕವನ್ನು ಪೂರ್ತಿಯಾಗಿ ಬಿಡಿಸುತ್ತೇನೆ. 60 ಎಂಎಲ್‌ಡಿ (ದಿನಕ್ಕೆ 60 ದಶಲಕ್ಷ ಲೀಟರ್) ಹರಿವಿನ ಎಸ್‌ಟಿಪಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಳಹರಿವಿನ 24 ಗಂಟೆಗಳ ಸಂಯುಕ್ತ ಮಾದರಿಯಲ್ಲಿ (ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಹಿಡಿದು ಒಟ್ಟಿಗೆ ಬೆರೆಸಿದ ಮಾದರಿಯಲ್ಲಿ) ಒಟ್ಟು ಕ್ರೋಮಿಯಂ ಲೀಟರಿಗೆ 0.8 ಮಿಲಿಗ್ರಾಂ ಬಂದಿದೆ ಎನ್ನಿ. ಪರಿಸರ ಸಂರಕ್ಷಣಾ ನಿಯಮಗಳು, 1986ರ ಆರನೆಯ ಅನುಸೂಚಿಯಲ್ಲಿ ಸಾರ್ವಜನಿಕ ಒಳಚರಂಡಿಗೆ ಬಿಡುವ ತ್ಯಾಜ್ಯನೀರಿನ ಕ್ರೋಮಿಯಂ ಮಿತಿ ಲೀಟರಿಗೆ 2 ಮಿಲಿಗ್ರಾಂ. ಒಳಹರಿವೇ ಆ ಮಿತಿಯೊಳಗಿದೆ, ಆದ್ದರಿಂದ ಕ್ರೋಮಿಯಂ ಕಾರಣವಲ್ಲ ಎಂದು ವರದಿ ಬರೆದು ಮುಗಿಸುವುದು ಸುಲಭ.

ಆದರೆ 60 ಎಂಎಲ್‌ಡಿ ನೀರಿನಲ್ಲಿ ಲೀಟರಿಗೆ 0.8 ಮಿಲಿಗ್ರಾಂ ಎಂದರೆ ಒಂದು ದಿನಕ್ಕೆ 48 ಕಿಲೋಗ್ರಾಂ ಕ್ರೋಮಿಯಂ. ದಿನಕ್ಕೆ 20 ಸಾವಿರ ಲೀಟರ್ ತೊಳೆನೀರನ್ನು ಮಿತಿಯ ಅಂಚಿನಲ್ಲೇ ಬಿಡುವ ಘಟಕವೊಂದರಿಂದ ಬರುವುದು ಕೇವಲ 40 ಗ್ರಾಂ, ಅಂಥ 1,200 ಘಟಕಗಳು ಸೇರಿದರೆ ಮಾತ್ರ 48 ಕಿಲೋಗ್ರಾಂ ಆಗುತ್ತದೆ. ಇನ್ನೊಂದು ದಾರಿಯೂ ಇದೆ. ಕ್ರೋಮ್ ಪ್ಲೇಟಿಂಗ್ ತೊಟ್ಟಿಯಲ್ಲಿ ಸಾಮಾನ್ಯವಾಗಿ ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಮ್ಲವಿರುತ್ತದೆ, ಅಂದರೆ ಲೋಹದ ಲೆಕ್ಕದಲ್ಲಿ 130 ಗ್ರಾಂ ಕ್ರೋಮಿಯಂ. ಹಾಗಾದರೆ 48 ಕಿಲೋಗ್ರಾಂ ಕ್ರೋಮಿಯಂ ಸುಮಾರು 370 ಲೀಟರ್ ತೊಟ್ಟಿದ್ರಾವಣದಲ್ಲೇ ಅಡಗಿದೆ. 200 ಲೀಟರಿನ ಎರಡು ಡ್ರಮ್ಮುಗಳು ಸಾಕು. ಕೆಟ್ಟುಹೋದ ದ್ರಾವಣವನ್ನು ರಾತ್ರಿ ಎರಡು ಗಂಟೆಗಳಲ್ಲಿ ಮ್ಯಾನ್‌ಹೋಲಿಗೆ ಸುರಿದರೆ, ಆ ಅವಧಿಯ ಐವತ್ತು ಲಕ್ಷ ಲೀಟರ್ ಹರಿವಿನಲ್ಲಿ ಸಾಂದ್ರತೆ ಲೀಟರಿಗೆ 9.6 ಮಿಲಿಗ್ರಾಂ ತಲುಪುತ್ತದೆ, ಇಡೀ ದಿನದ ಸರಾಸರಿಯಲ್ಲಿ ಅದು 0.8 ಆಗಿ ಮರೆಯಾಗುತ್ತದೆ.

ಇದರಿಂದ ಎರಡು ನಿಯಮಗಳು ಹೊರಡುತ್ತವೆ. ಆಘಾತದ, ಅಂದರೆ ಒಮ್ಮೆಲೇ ಬಂದ ವಿಷದ ಹೊರೆಯ, ಅನುಮಾನವಿದ್ದಾಗ ಸಂಯುಕ್ತ ಮಾದರಿಯನ್ನು ನೆಚ್ಚದೆ ಗಂಟೆಗೊಂದು ಪ್ರತ್ಯೇಕ ಬಾಟಲಿಯಲ್ಲಿ ಮಾದರಿ ಹಿಡಿಯಬೇಕು, ಸ್ವಯಂಚಾಲಿತ ಸ್ಯಾಂಪ್ಲರ್ ಇದ್ದರೆ ಅದನ್ನು ಹಾಗೆಯೇ ಹೊಂದಿಸಬೇಕು. ಎರಡನೆಯದಾಗಿ, ಕ್ರೋಮಿಯಂನ ಒಂದು ರೂಪವಾದ ಹೆಕ್ಸಾವೇಲೆಂಟ್ ಕ್ರೋಮಿಯಂ ಒಂದನ್ನೇ ಅಳೆದು ತೃಪ್ತರಾಗಬಾರದು. ಗಾಳಿಯಿಲ್ಲದ ಒಳಚರಂಡಿಯಲ್ಲಿ ಸಲ್ಫೈಡ್ ಹಾಗೂ ಸಾವಯವ ಪದಾರ್ಥಗಳ ಜೊತೆ ಸೇರಿ ಅದು ಟ್ರೈವೇಲೆಂಟ್ ರೂಪಕ್ಕೆ ತಿರುಗುವುದರಿಂದ ಎಸ್‌ಟಿಪಿ ಬಾಗಿಲಿನಲ್ಲಿ ಅದರ ಪ್ರಮಾಣ ಅತ್ಯಲ್ಪವಾಗಿ ಕಾಣಬಹುದು. ಒಟ್ಟು ಕ್ರೋಮಿಯಂ ಅಳೆದರೆ ಮಾತ್ರ ಬಂದದ್ದು ಎಷ್ಟೆಂದು ತಿಳಿಯುತ್ತದೆ.

ಮಾದರಿಯನ್ನು ಕೆಡದಂತೆ ಇಡುವ ವಿಧಾನ ಒಂದೊಂದು ಪದಾರ್ಥಕ್ಕೂ ಬೇರೆ. ಒಟ್ಟು ಲೋಹಗಳಿಗೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು. ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಆಮ್ಲ ಹಾಕಲೇಬಾರದು, ತಂಪಾಗಿಟ್ಟು 24 ಗಂಟೆಯೊಳಗೆ ಪರೀಕ್ಷಿಸಬೇಕು. ಸಯನೈಡ್‌ಗೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ 12ರ ಮೇಲೆ ಇಡಬೇಕು. ಸಯನೈಡ್ ಇರಬಹುದಾದ ಬಾಟಲಿಗೆ ಅಭ್ಯಾಸಬಲದಿಂದ ಆಮ್ಲ ಹಾಕಿದರೆ ಪ್ರಾಣಾಪಾಯಕಾರಿ ಹೈಡ್ರೋಜನ್ ಸಯನೈಡ್ ಅನಿಲ ಹೊರಡುತ್ತದೆ. ಎಣ್ಣೆ ಜಿಡ್ಡಿನ ಮಾದರಿಯನ್ನು ನೇರವಾಗಿ ಗಾಜಿನ ಬಾಟಲಿಯಲ್ಲೇ ಹಿಡಿಯಬೇಕು, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದರೆ ಜಿಡ್ಡು ಮೊದಲ ಪಾತ್ರೆಯ ಗೋಡೆಗೇ ಅಂಟಿ ಉಳಿಯುತ್ತದೆ.

ಪ್ರವಾಹದ ವಿರುದ್ಧ ನಡೆಯುವುದು

ಗಂಟೆಗೊಂದರ ಮಾದರಿಗಳಿಂದ ಆಘಾತ ಬಂದ ಹೊತ್ತು ಸಿಗುತ್ತದೆ. ಒಳಚರಂಡಿಯ ಮುಖ್ಯ ಕೊಳವೆ, ಅಂದರೆ ಟ್ರಂಕ್ ಲೈನ್, 6 ಕಿಲೋಮೀಟರ್ ಉದ್ದವಿದ್ದು ನೀರಿನ ವೇಗ ಸೆಕೆಂಡಿಗೆ 0.8 ಮೀಟರ್ ಇದ್ದರೆ ಪ್ರಯಾಣಕ್ಕೆ ಎರಡು ಗಂಟೆಗಿಂತ ಕೊಂಚ ಹೆಚ್ಚು ಬೇಕು. ಬೆಳಗಿನ ಜಾವ ನಾಲ್ಕಕ್ಕೆ ಕಂಡದ್ದು ನಡುರಾತ್ರಿ ಎರಡರ ಸುಮಾರಿಗೆ ಲೈನಿನ ಮೇಲ್ತುದಿಯಲ್ಲಿ ಬಿದ್ದಿರಬೇಕು. ಮುಂದಿನ ರಾತ್ರಿಗಳಲ್ಲಿ ಯಾವ ಕವಲಿನ ಬಳಿ ಯಾವ ಹೊತ್ತಿಗೆ ಕಾಯಬೇಕು ಎಂಬುದನ್ನು ಈ ಲೆಕ್ಕವೇ ನಿರ್ಧರಿಸುತ್ತದೆ. ಪ್ರತಿ ದೊಡ್ಡ ಕವಲಿನಲ್ಲಿ ಪಿಎಚ್ ಮತ್ತು ವಿದ್ಯುತ್ ವಾಹಕತೆಯನ್ನು ಕೆಲವೇ ನಿಮಿಷಗಳಿಗೊಮ್ಮೆ ದಾಖಲಿಸುವ ಲಾಗರ್‌ಗಳನ್ನು ಇಳಿಬಿಡುವುದು ಒಳ್ಳೆಯದು. ಮನೆಗಳ ಕೊಳಚೆಯ ವಾಹಕತೆ ಬೆಳಗ್ಗೆ ಸಂಜೆ ಒಂದು ಲಯದಲ್ಲಿ ಏರಿಳಿಯುತ್ತದೆ, ಲೋಹದ ಲವಣ, ಆಮ್ಲ, ಕಾಸ್ಟಿಕ್ ಯಾವುದೇ ಬಂದರೂ ಆ ಲಯದ ಮೇಲೆ ಚೂಪಾದ ಏರಿಕೆ ಕಾಣುತ್ತದೆ.

ಸುರಿದವರು ಮತ್ತೆ ಸುರಿಯುವವರೆಗೆ ಕಾಯಲಾಗದಿದ್ದರೆ, ನೀರು ಹೋದ ಮೇಲೂ ಉಳಿಯುವ ಸಾಕ್ಷಿಯೊಂದಿದೆ. ಮ್ಯಾನ್‌ಹೋಲಿನೊಳಗೆ ನೀರಿನ ಮಟ್ಟದ ಬಳಿ ಗೋಡೆಗೆ ಅಂಟಿಕೊಂಡಿರುವ ಲೋಳೆ ಪದರವು ಹಾದುಹೋಗುವ ಲೋಹಗಳನ್ನು ಹೀರಿಕೊಂಡು ವಾರಗಳವರೆಗೆ ಇಟ್ಟುಕೊಳ್ಳುತ್ತದೆ. ಜರ್ಮನಿಯ ನಗರಗಳಲ್ಲಿ ಈ ಲೋಳೆಯನ್ನು ಕೆರೆದು ಪರೀಕ್ಷಿಸುವ ವಿಧಾನ ದಶಕಗಳಿಂದ ಬಳಕೆಯಲ್ಲಿದೆ. ಎರಡು ಲೈನ್‌ಗಳು ಕೂಡುವ ಮ್ಯಾನ್‌ಹೋಲಿನಲ್ಲಿ ಎರಡೂ ಕಡೆಯ ಲೋಳೆಯನ್ನು ತೆಗೆದು ಒಣಗಿಸಿ ಲೋಹವನ್ನು ಅಳೆದು, ಹೆಚ್ಚಿರುವ ಕಡೆಗೆ ಮುಂದಿನ ಕವಲಿನವರೆಗೆ ಹೋಗಿ ಮತ್ತೆ ಹಾಗೆಯೇ ಮಾಡಿದರೆ, ಪ್ರತಿ ಹೆಜ್ಜೆಗೂ ಜಾಲದ ಒಂದು ಪಾಲು ಶೋಧದಿಂದ ಹೊರಬೀಳುತ್ತದೆ. ಲೋಹದ ಮಟ್ಟ ಒಂದು ಮ್ಯಾನ್‌ಹೋಲಿನಲ್ಲಿ ಹೆಚ್ಚಿದ್ದು ಅದರ ಮೇಲಿನದರಲ್ಲಿ ಕಡಿಮೆಯಿದ್ದರೆ ಮೂಲ ಆ ಎರಡರ ನಡುವಿನ ಸಂಪರ್ಕಗಳಲ್ಲೊಂದು. ನನ್ನ ದೃಷ್ಟಿಯಲ್ಲಿ, ಕಡಿಮೆ ಹಣದಲ್ಲಿ ಇಷ್ಟು ಖಚಿತವಾಗಿ ದಾರಿ ತೋರುವ ವಿಧಾನ ಇನ್ನೊಂದಿಲ್ಲ.

ಕಾಂಕ್ರೀಟಿನ ಸವೆತವನ್ನೂ ಗಮನಿಸಬೇಕು. ಕೊಳವೆಯ ಮೇಲ್ಚಾವಣಿ ಉದುರಿದ್ದರೆ ಅದು ಹೈಡ್ರೋಜನ್ ಸಲ್ಫೈಡ್ ಅನಿಲವು ಸೂಕ್ಷ್ಮಜೀವಿಗಳಿಂದ ಗಂಧಕಾಮ್ಲವಾಗಿ ಮಾಡಿದ ಹಾನಿ, ಹಳೆಯ ಒಳಚರಂಡಿಗಳಲ್ಲಿ ಸಾಮಾನ್ಯ. ತಳ ಅಥವಾ ನೀರಿನ ಗೆರೆಯ ಕೆಳಗಿನ ಭಾಗ ಸವೆದಿದ್ದರೆ ಮೇಲಿನಿಂದ ಯಾರೋ ಆಮ್ಲ ಬಿಡುತ್ತಿದ್ದಾರೆ, ಲೋಹದ ತುಕ್ಕು ತೆಗೆಯುವ ಪಿಕ್ಲಿಂಗ್ ಘಟಕಗಳ ಕಡೆ ನೋಡಬೇಕು.

ಹೀಗೆ ಮ್ಯಾನ್‌ಹೋಲಿನಿಂದ ಮ್ಯಾನ್‌ಹೋಲಿಗೆ ಹಿಂದಕ್ಕೆ ಹೋಗುವುದರ ಮಹತ್ವವನ್ನು ತಿಳಿಯಲು ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ಪ್ರಕರಣವನ್ನು ನೋಡಬಹುದು. 1977ರ ಮಾರ್ಚಿನಲ್ಲಿ ಅಲ್ಲಿನ ಮಾರಿಸ್ ಫೋರ್ಮನ್ ಶುದ್ಧೀಕರಣ ಘಟಕದ ಕಾರ್ಮಿಕರು ಕಟುವಾಸನೆಯಿಂದ ಅಸ್ವಸ್ಥರಾದರು. ಕೀಟನಾಶಕ ತಯಾರಿಕೆಯಲ್ಲಿ ಬಳಸುವ ಹೆಕ್ಸಾಕ್ಲೋರೋಸೈಕ್ಲೋಪೆಂಟಡೈಯೀನ್ ಎಂಬ ರಾಸಾಯನಿಕವನ್ನು ಒಳಚರಂಡಿಗೆ ಸುರಿಯಲಾಗಿತ್ತು. ಘಟಕವನ್ನು ಸುಮಾರು ಮೂರು ತಿಂಗಳು ಮುಚ್ಚಬೇಕಾಯಿತು, ಅಷ್ಟು ಕಾಲ ನಗರದ ಕೊಳಚೆ ಶುದ್ಧೀಕರಣವಿಲ್ಲದೆ ಓಹಿಯೋ ನದಿಗೆ ಹರಿಯಿತು. ಜಾಲವನ್ನು ಹಿಂಬಾಲಿಸಿ ಕಲುಷಿತಗೊಂಡ ಒಂದು ದೊಡ್ಡ ಲೈನನ್ನು ಗುರುತಿಸಲಾಯಿತು, ತಪ್ಪಿತಸ್ಥರಿಗೆ ನ್ಯಾಯಾಲಯದಲ್ಲಿ ಶಿಕ್ಷೆಯೂ ಆಯಿತು.

ಶೋಧ ಎಷ್ಟೇ ತುರ್ತಾದರೂ ಯಾರನ್ನೂ ಮ್ಯಾನ್‌ಹೋಲಿಗೆ ಇಳಿಸಬಾರದು. ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ ಸುಮಾರಿಗೆ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ, ವಾಸನೆ ಬರುತ್ತಿಲ್ಲ ಎಂಬುದು ಸುರಕ್ಷತೆಯ ಗುರುತಲ್ಲ. ಪ್ಲೇಟಿಂಗ್ ಪ್ರದೇಶದಲ್ಲಿ ಒಬ್ಬರು ಬಿಟ್ಟ ಆಮ್ಲವೂ ಇನ್ನೊಬ್ಬರು ಬಿಟ್ಟ ಸಯನೈಡೂ ಕೊಳವೆಯಲ್ಲೇ ಕೂಡಬಹುದು. ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟು, ಆಮ್ಲಜನಕ, ಸ್ಫೋಟಕ ಅನಿಲ, ಹೈಡ್ರೋಜನ್ ಸಲ್ಫೈಡ್, ಹೈಡ್ರೋಜನ್ ಸಯನೈಡ್ ಇವುಗಳನ್ನು ಮೀಟರಿನಲ್ಲಿ ಅಳೆದ ಮೇಲೆ, ಮೇಲಿನಿಂದಲೇ ಉದ್ದನೆಯ ಕೋಲಿನ ತುದಿಯ ಪಾತ್ರೆಯಿಂದ ನೀರನ್ನೂ ಕೆರೆಯುವ ಅಲಗಿನಿಂದ ಲೋಳೆಯನ್ನೂ ತೆಗೆಯಬೇಕು. 2022ರ ಜನವರಿಯಲ್ಲಿ ಸೂರತ್ತಿನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಟ್ಯಾಂಕರೊಂದು ಕಾಲುವೆಗೆ ರಾಸಾಯನಿಕ ಬಿಟ್ಟಾಗ ಹೊಮ್ಮಿದ ಅನಿಲದಿಂದ ಬಯಲಿನಲ್ಲೇ ಆರು ಕಾರ್ಮಿಕರು ಸತ್ತರು.

ಒಳಚರಂಡಿಯೋ ರಾಜಕಾಲುವೆಯೋ

ಬೆಂಗಳೂರಿನಲ್ಲಿ ಮುಖ್ಯ ಒಳಚರಂಡಿ ಕೊಳವೆಗಳು ಅನೇಕ ಕಡೆ ಮಳೆನೀರಿನ ಕಾಲುವೆಯಾದ ರಾಜಕಾಲುವೆಯ ಪಕ್ಕದಲ್ಲೇ ಹಾದುಹೋಗುತ್ತವೆ, ಮುರಿದ ಮ್ಯಾನ್‌ಹೋಲ್‌ಗಳ ಮೂಲಕ ಒಂದರ ನೀರು ಇನ್ನೊಂದಕ್ಕೆ ಸೇರುತ್ತದೆ. ಕಾರ್ಖಾನೆಯ ಪೈಪು ಯಾವುದಕ್ಕೆ ಬೀಳುತ್ತಿದೆ ಎಂಬುದರ ಮೇಲೆ ಅನ್ವಯಿಸುವ ಮಿತಿ ಬದಲಾಗುತ್ತದೆ. ಒಳಚರಂಡಿಗಾದರೆ ಹೆಕ್ಸಾವೇಲೆಂಟ್ ಕ್ರೋಮಿಯಂ ಮಿತಿ ಲೀಟರಿಗೆ 2 ಮಿಲಿಗ್ರಾಂ, ಸಯನೈಡ್ 2, ಬಿಒಡಿ 350. ಒಳನಾಡಿನ ಮೇಲ್ಮೈ ನೀರಿಗಾದರೆ ಕ್ರಮವಾಗಿ 0.1, 0.2 ಮತ್ತು 30. ಒಳಚರಂಡಿಯ ಸಡಿಲ ಮಿತಿಗಳು ಸಲ್ಲುವುದು ಆ ಒಳಚರಂಡಿ ಜೈವಿಕ ಶುದ್ಧೀಕರಣವಿರುವ ಘಟಕವನ್ನು ತಲುಪಿದರೆ ಮಾತ್ರ, ಇಲ್ಲವಾದರೆ ಅದನ್ನು ಮೇಲ್ಮೈ ನೀರಿಗೆ ಬಿಟ್ಟಂತೆಯೇ ಪರಿಗಣಿಸಬೇಕೆಂದು ಅನುಸೂಚಿಯೇ ಹೇಳುತ್ತದೆ. ಟ್ರಂಕ್ ಲೈನ್ ಒಡೆದು ಕಾಲುವೆಗೆ ಹರಿಯುತ್ತಿರುವ ಕಡೆಗಳಲ್ಲಿ ಈ ಟಿಪ್ಪಣಿಯನ್ನು ನಮ್ಮ ಅಧಿಕಾರಿಗಳು ಇನ್ನೂ ಹೆಚ್ಚು ಗಂಭೀರವಾಗಿ ಬಳಸಬೇಕು.

ಬಾಗಿಲು ತಲುಪಿದ ಮೇಲೆ

ಒಳಚರಂಡಿ ಸಂಪರ್ಕ ಕೊಡುವುದು ಜಲಮಂಡಳಿ, ತ್ಯಾಜ್ಯ ಬಿಡಲು ಸಮ್ಮತಿ ಪತ್ರ ಕೊಡುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಶೋಧದ ಕೊನೆಯ ಹಂತದಲ್ಲಿ ಎರಡೂ ಕಡೆಯವರು ಜೊತೆಗಿರಬೇಕು, ಏಕೆಂದರೆ ಜಲಮಂಡಳಿಯ ಎಂಜಿನಿಯರ್ ತನ್ನ ಎಸ್‌ಟಿಪಿಗಾಗಿ ಹಿಡಿದ ಬಾಟಲಿ ರೋಗನಿರ್ಣಯಕ್ಕೆ ಸಾಕಾದರೂ 1974ರ ಜಲ ಕಾಯಿದೆಯಡಿ ಕ್ರಮಕ್ಕೆ ಸಾಲದು. ಆ ಕಾಯಿದೆಯ 21ನೇ ಪ್ರಕರಣದಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯು ಘಟಕದವರಿಗೆ ಅಲ್ಲಿಯೇ ನೋಟಿಸ್ ನೀಡಿ, ಅವರ ಎದುರಿನಲ್ಲಿ ಮಾದರಿಯನ್ನು ಎರಡು ಭಾಗ ಮಾಡಿ, ಪಾತ್ರೆಗಳಿಗೆ ಗುರುತು ಹಾಕಿ ಮೊಹರು ಮಾಡಿ, ಇಬ್ಬರೂ ಸಹಿ ಮಾಡಿ ಪ್ರಯೋಗಾಲಯಕ್ಕೆ ಕಳಿಸಬೇಕು. ಈ ವಿಧಾನ ತಪ್ಪಿದರೆ ವಿಶ್ಲೇಷಣೆಯ ಫಲಿತಾಂಶ ಸಾಕ್ಷ್ಯವಾಗಿ ಸ್ವೀಕಾರಾರ್ಹವಲ್ಲ. ಮೊದಲ ದಿನವೇ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ಮಾಹಿತಿ ಕೊಟ್ಟಿರಬೇಕು ಎನ್ನುವುದು ಇದಕ್ಕಾಗಿಯೇ.

ಒಳಗೆ ಹೋದಾಗ ಕೊನೆಯ ಪೈಪಿನ ನೀರಿಗಿಂತ ದಾಖಲೆಗಳು ಹೆಚ್ಚು ಹೇಳುತ್ತವೆ. ತಿಂಗಳಿಗೆ ಎಷ್ಟು ಕ್ರೋಮಿಕ್ ಆಮ್ಲ ಖರೀದಿಸಿದ್ದಾರೆ, ಎಷ್ಟು ಚದರಡಿ ಪ್ಲೇಟಿಂಗ್ ಮಾಡಿದ್ದಾರೆ, ಕೆಟ್ಟ ದ್ರಾವಣ ಮತ್ತು ಇಟಿಪಿ (ಕಾರ್ಖಾನೆಯ ಸ್ವಂತ ತ್ಯಾಜ್ಯನೀರು ಶುದ್ಧೀಕರಣ ಘಟಕ) ಸ್ಲಡ್ಜನ್ನು ಅಧಿಕೃತ ವಿಲೇವಾರಿ ಸ್ಥಳಕ್ಕೆ ಕಳಿಸಿದ ಮ್ಯಾನಿಫೆಸ್ಟ್‌ಗಳು, ಅಂದರೆ ಸಾಗಣೆ ಪತ್ರಗಳು, ಎಷ್ಟಿವೆ ಎಂದು ನೋಡಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ನಮೂನೆ 10ರ ಮ್ಯಾನಿಫೆಸ್ಟ್ ಇಲ್ಲದೆ ಅದು ಗೇಟು ದಾಟುವಂತಿಲ್ಲ. ಖರೀದಿಯಾದ ಕ್ರೋಮಿಯಂ ಉತ್ಪನ್ನದಲ್ಲೂ ಇಲ್ಲ, ಸ್ಲಡ್ಜಿನಲ್ಲೂ ಇಲ್ಲ, ಮ್ಯಾನಿಫೆಸ್ಟಿನಲ್ಲೂ ಇಲ್ಲ ಎಂದಾದರೆ ಅದು ಹೋಗಿರುವ ದಾರಿ ನೆಲದಡಿಯದೇ. ತಪ್ಪು ಸಾಬೀತಾದಾಗ ಮಂಡಳಿಯು ಜಲ ಕಾಯಿದೆಯ 33ಎ ಪ್ರಕರಣದಡಿ ಘಟಕವನ್ನು ಮುಚ್ಚಲು, ವಿದ್ಯುತ್ ಮತ್ತು ನೀರಿನ ಸಂಪರ್ಕ ಕಡಿತಗೊಳಿಸಲು ನಿರ್ದೇಶಿಸಬಹುದು. ಆದರೆ ಸಣ್ಣ ಘಟಕದವರು ಡ್ರಮ್ಮುಗಳನ್ನು ಮ್ಯಾನ್‌ಹೋಲಿಗೆ ಸುರಿಯುವುದರ ಹಿಂದೆ ವಿಲೇವಾರಿಯ ವೆಚ್ಚವಿರುತ್ತದೆ ಎಂಬುದನ್ನು ನಿಯಂತ್ರಕರು ಮರೆಯಬಾರದು. ಸಣ್ಣ ಪ್ರಮಾಣದ ದ್ರಾವಣವನ್ನು ಮನೆಬಾಗಿಲಿಗೇ ಬಂದು ಒಯ್ಯುವ ಸಾಮೂಹಿಕ ವ್ಯವಸ್ಥೆ ಕೈಗೆಟಕುವ ದರದಲ್ಲಿ ಇಲ್ಲದ ಕಡೆ, ಒಂದು ಬಾಗಿಲಿಗೆ ಬೀಗ ಬಿದ್ದರೂ ಅದೇ ಲೋಳೆಯಲ್ಲಿ ಅದೇ ಲೋಹ ಮತ್ತೆ ಕಾಣುತ್ತದೆ.

ಘಟಕವನ್ನು ಚೇತರಿಸುವುದು ಮತ್ತು ಸ್ಲಡ್ಜ್

ಆಘಾತ ಇನ್ನೂ ಬರುತ್ತಿರುವಾಗಲೇ ಗೊತ್ತಾದರೆ, ಸಮತೋಲನ ಟ್ಯಾಂಕ್ ಅಥವಾ ಖಾಲಿಯಿರುವ ಟ್ಯಾಂಕಿಗೆ ಹರಿವನ್ನು ತಿರುಗಿಸಿ ಹಿಡಿದಿಟ್ಟುಕೊಂಡು, ಸಂಸ್ಕರಿಸಿದ ನಂತರ ಸ್ವಲ್ಪ ಸ್ವಲ್ಪವಾಗಿ ಒಳಬಿಡಬೇಕು. ಟ್ಯಾಂಕಿಗೆ ವಿಷ ಸೇರಿಬಿಟ್ಟಿದ್ದರೆ ಗಾಳಿಯನ್ನು ಕಡಿಮೆ ಮಾಡದೆ, ಪಿಎಚ್ ಕಾಪಾಡುತ್ತ, ಆರೋಗ್ಯಕರ ಎಸ್‌ಟಿಪಿಯಿಂದ ಟ್ಯಾಂಕರುಗಳಲ್ಲಿ ಸ್ಲಡ್ಜ್ ತಂದು ಬಿತ್ತಬೇಕು. ನೈಟ್ರಿಫಿಕೇಷನ್ ಮರಳಲು ಇಷ್ಟಾದರೂ ವಾರಗಳು ಬೇಕಾಗುತ್ತವೆ.

ಲೋಹ ಸೇರಿದ ಸ್ಲಡ್ಜನ್ನು ಪರೀಕ್ಷಿಸದೆ ರೈತರಿಗೆ ಗೊಬ್ಬರವಾಗಿ ಕೊಡಲೇಬಾರದು. ಮೇಲಿನ ಉದಾಹರಣೆಯ 48 ಕಿಲೋಗ್ರಾಂ ಕ್ರೋಮಿಯಂನಲ್ಲಿ ಅರ್ಧ ಮಾತ್ರ ಸ್ಲಡ್ಜಿನಲ್ಲಿ ನಿಂತಿತು ಎಂದುಕೊಳ್ಳೋಣ. 200 ಲಕ್ಷ ಲೀಟರಿನ ಏರೇಷನ್ ಟ್ಯಾಂಕಿನಲ್ಲಿ ಲೀಟರಿಗೆ 3,000 ಮಿಲಿಗ್ರಾಂ ಎಂಎಲ್‌ಎಸ್‌ಎಸ್ (ಟ್ಯಾಂಕಿನ ನೀರಿನಲ್ಲಿ ತೇಲಾಡುವ ಘನ ಪದಾರ್ಥ) ಇದ್ದರೆ ಒಣ ಲೆಕ್ಕದಲ್ಲಿ 60 ಟನ್ ಸ್ಲಡ್ಜ್ ಇರುತ್ತದೆ, 24 ಕಿಲೋಗ್ರಾಂ ಅದರಲ್ಲಿ ಹರಡಿದರೆ ಪ್ರತಿ ಕಿಲೋಗ್ರಾಮಿಗೆ 400 ಮಿಲಿಗ್ರಾಂ ಹೆಚ್ಚಾಗುತ್ತದೆ. ರಸಗೊಬ್ಬರ ನಿಯಂತ್ರಣ ಆದೇಶ, 1985ರಲ್ಲಿ ನಗರ ಕಾಂಪೋಸ್ಟಿಗೆ ಇರುವ ಕ್ರೋಮಿಯಂ ಮಿತಿ ಕಿಲೋಗ್ರಾಮಿಗೆ 50 ಮಿಲಿಗ್ರಾಂ. ಎರಡು ಡ್ರಮ್ಮು ಸುರಿದ ಒಂದೇ ರಾತ್ರಿಯಿಂದ ಸ್ಲಡ್ಜ್ ಆ ಮಿತಿಯ ಎಂಟು ಪಟ್ಟು ತಲುಪುತ್ತದೆ. ಆದ್ದರಿಂದ ಆಘಾತದ ದಿನದಿಂದ ತೆಗೆದ ಎಲ್ಲ ಸ್ಲಡ್ಜನ್ನು ದಿನಾಂಕ ಬರೆದು, ಮಳೆನೀರು ತಾಗದ ಜಾಗದಲ್ಲಿ ಬೇರೆಯಾಗಿ ರಾಶಿ ಹಾಕಿಸಿ, ಕ್ರೋಮಿಯಂ, ನಿಕಲ್, ಕ್ಯಾಡ್ಮಿಯಂ, ಸೀಸಗಳ ಪರೀಕ್ಷಾ ವರದಿ ಬರುವವರೆಗೆ ಒಂದು ಟ್ರ್ಯಾಕ್ಟರ್ ಲೋಡೂ ಆವರಣದಿಂದ ಹೊರಹೋಗದಂತೆ ಘಟಕದ ಮುಖ್ಯಸ್ಥರು ಲಿಖಿತ ಆದೇಶ ಹೊರಡಿಸಬೇಕು.